ಡ್ರಮ್ಮಿನ ತಳದ ಕಲ್ಲುಗಳು

ಮಾರ್ಚ್ 3, ಭಾನುವಾರ

ಈ ಪುಸ್ತಕ ಇಟ್ಟದ್ದು ತೊಟ್ಟಿಗೆಂದು. ಎಡಪುಟದಲ್ಲಿ ನೀರಿನ ಉಪ್ಪಿನಂಶ, ಬಲಪುಟದಲ್ಲಿ ಉಷ್ಣತೆ. ಹದಿನಾಲ್ಕು ವರ್ಷದಲ್ಲಿ ಇಂಥ ಏಳು ಪುಸ್ತಕ ತುಂಬಿಸಿದ್ದೇನೆ, ಬೇರೆ ಒಂದಕ್ಷರ ಬರೆದವನಲ್ಲ. ಇವತ್ತು ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಿಕೊಂಡರೆ ಈ ಮನೆಯಲ್ಲಿ ನಗುತ್ತಾರೆ.

ಬೆನ್ನು ಕೈಕೊಟ್ಟಿದೆ. ಹೋದ ತಿಂಗಳು ಉಪ್ಪುನೀರಿನ ಬಕೆಟ್ ಎತ್ತಲು ಬಗ್ಗಿದವನು ಬಗ್ಗಿದ ಹಾಗೇ ನಿಂತುಬಿಟ್ಟೆ. ಹೆಂಡತಿ ಬಂದು ಮೊದಲು ಬಕೆಟ್ ಕಿತ್ತುಕೊಂಡಳು, ಆಮೇಲೆ ನನ್ನನ್ನು ನೆಟ್ಟಗೆ ಮಾಡಿದಳು. ಇನ್ನು ಐದು ಕಿಲೋಗಿಂತ ಹೆಚ್ಚು ಎತ್ತಕೂಡದು ಎಂದು ಮೂಳೆ ಡಾಕ್ಟರ ಅಪ್ಪಣೆ. ನನ್ನ ಆರಡಿ ತೊಟ್ಟಿಗೆ ವಾರಕ್ಕೆ ಎಂಬತ್ತು ಲೀಟರ್ ನೀರು ಬದಲಿಸಬೇಕು. ಅಲ್ಲಿಗೆ ಮುಗಿಯಿತು.

"ಪೂರ್ತಿ ತೆಗೀರಿ ಅಂತ ನಾನು ಹೇಳಲ್ಲ ಕಣ್ರೀ," ಅಂದಳು ಹೆಂಡತಿ. "ಹೇಳಿದ್ರೆ ನೀವೇ ಅದರೊಳಗೆ ಹೋಗಿ ಕೂತ್ಕೊಳ್ತೀರ. ಸಣ್ಣದು ಮಾಡ್ಕೊಳ್ಳಿ. ಎರಡಡಿ ಸಾಕು."

ಆರಡಿಯಿಂದ ಎರಡಡಿಗೆ. ಹವಳಗಳು, ಮೀನು, ಸೀಗಡಿ, ಕಲ್ಲು, ಎಲ್ಲವನ್ನೂ ಹಂಚಬೇಕು. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ನನಗೆ ಊರಲ್ಲಿ ಒಂದಿಷ್ಟು ಹೆಸರಿದ್ದರೆ ಅದು ಕಣ್ಣಿನಿಂದಲ್ಲ, ಈ ತೊಟ್ಟಿಯಿಂದ. ನಮ್ಮ ಉಪ್ಪುನೀರಿನ ಗುಂಪಿನ ಹದಿನೈದು ಜನರೂ ಏನೇ ಅನುಮಾನ ಬಂದರೂ ನನಗೇ ಫೋನ್ ಮಾಡುತ್ತಾರೆ. "ಹದಿನಾಲ್ಕು ವರ್ಷ, ಒಂದು ಹನಿ ಔಷಧಿ ನೀರಿಗೆ ಬಿದ್ದಿಲ್ಲ," ಎಂದು ನಾನು ಹೇಳುವುದು, ಅವರು ತಲೆದೂಗುವುದು.

ಎರಡಡಿ ತೊಟ್ಟಿಯವನಿಗೆ ಯಾರು ಫೋನ್ ಮಾಡುತ್ತಾರೆ?

ಮಾರ್ಚ್ 9, ಶನಿವಾರ

ಹಂಚಿ ಆಯಿತು. ದೊಡ್ಡ ಹಳದಿ ಮೀನನ್ನು ಗುಂಪಿನ ಬಸ್ ಡ್ರೈವರ್ ಒಯ್ದ. ಅಲೆ ಎಬ್ಬಿಸುವ ಪಂಪುಗಳು ಗುಂಪಿನಲ್ಲೇ ಇರುವ ಫೋಟೋ ಸ್ಟುಡಿಯೋದವನ ಪಾಲಾದವು.

ಕಲ್ಲುಗಳು ಫಿಸಿಯೋಗೆ. ನನ್ನ ಬೆನ್ನು ಒತ್ತಿ ವ್ಯಾಯಾಮ ಮಾಡಿಸುವ ಹುಡುಗಿ ಇವಳು. ಹುಡುಗಿಯೆಂದರೆ ನಲವತ್ತಾಗಿರಬಹುದು. ಎರಡು ವರ್ಷದ ಹಿಂದೆ ನನ್ನ ಫೋನಿನಲ್ಲಿ ತೊಟ್ಟಿಯ ಚಿತ್ರ ನೋಡಿ ಹುಚ್ಚು ಹತ್ತಿಸಿಕೊಂಡಳು. ಅವಳ ನಾಲ್ಕಡಿ ತೊಟ್ಟಿಯ ಪ್ರತಿಯೊಂದು ಜೀವವೂ ನನ್ನನ್ನು ಕೇಳಿಯೇ ಬಂದದ್ದು. "ಗುರುಗಳೇ" ಎಂದು ಕರೆಯುತ್ತಾಳೆ. ತಮಾಷೆಗೆ ಶುರುಮಾಡಿದ್ದು ಈಗ ರೂಢಿಯಾಗಿದೆ. ನಾನೂ ಬೇಡವೆಂದಿಲ್ಲ.

ಜೊತೆಗೆ ಅವಳ ಮಾವನೂ ಬಂದಿದ್ದರು. ಎಪ್ಪತ್ತೆಂಟು ವಯಸ್ಸು, ನಲವತ್ತು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಒಗೆದು ಮಡಿಕೆ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಅವಳ ತೊಟ್ಟಿಗೆ ಬೆಳಿಗ್ಗೆ ಎಂಟಕ್ಕೆ ಹವಳ ಬೆಳೆಯಲು ಬೇಕಾದ ಸುಣ್ಣದ ಅಂಶದ ದ್ರಾವಣ ಅಳೆದು ಹಾಕುವ ಕೆಲಸ ಅವರದಂತೆ. "ನಮ್ಮ ಮಾವ ಹಾಕಿದ್ರೆ ಅರ್ಧ ಹನಿ ಆಚೀಚೆ ಆಗಲ್ಲ," ಅಂದಳು. ಮುದುಕರು ನಾಚಿಕೊಂಡು ಕಿಟಕಿ ನೋಡಿದರು.

ಬಾಲ್ಕನಿಯ ನೀಲಿ ಡ್ರಮ್ಮಿನ ಮುಚ್ಚಳ ತೆಗೆದೆ. ಸಮುದ್ರದ ಕಲ್ಲುಗಳು, ತೂತು ತೂತಾಗಿ ಹಗುರ. ಒಳಗೆ ಕಣ್ಣಿಗೆ ಕಾಣದ ಒಳ್ಳೆಯ ಕ್ರಿಮಿಗಳು ಮನೆ ಮಾಡಿದರೆ ಇಡೀ ತೊಟ್ಟಿಯ ಕೊಳೆ ಅವೇ ತಿಂದು ಮುಗಿಸುತ್ತವೆ. ಮೇಲಿನವನ್ನು ನನ್ನ ಸಣ್ಣ ತೊಟ್ಟಿಗೆ ತೆಗೆದಿಟ್ಟುಕೊಂಡೆ. ತಳದವನ್ನು ಅವಳಿಗೆ ಕೊಟ್ಟೆ. ಹಳೆಯವು, ಒಳ್ಳೆಯ ಆಕಾರದವು.

"ಇವು ಯಾಕೆ ಬೇರೆ ಇಟ್ಟಿದ್ರಿ?" ಕಾಂಪೌಂಡರ್ ಕೇಳಿದರು.

"ಹಳೇವು ಯಜಮಾನರೇ, ಅಷ್ಟೇ."

"ನೀರಿಗೆ ಔಷಧಿ ಗಿಷಧಿ ಹಾಕಿದ್ದು ಇದೆಯಾ?"

"ಹದಿನಾಲ್ಕು ವರ್ಷದಲ್ಲಿ ಒಂದು ಹನಿಯೂ ಇಲ್ಲ."

ಅಭ್ಯಾಸಬಲದ ಮಾತು, ತಾನಾಗಿ ಬಂತು. ಅವರು ಒಂದೊಂದೇ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಪೆಟ್ಟಿಗೆಯಲ್ಲಿ ಇಟ್ಟರು.

ಮಾರ್ಚ್ 10, ಭಾನುವಾರ

ದೊಡ್ಡ ತೊಟ್ಟಿ ಬರಿದಾಯಿತು. ಮರಳು ಕೆದಕಿದಾಗ ತಳದಿಂದ ಕರಿಯ ಕೆಸರು ಎದ್ದು ಕೊಳೆತ ಮೊಟ್ಟೆಯ ನಾತ. ಹೆಂಡತಿ ಮೂಗಿಗೆ ಸೆರಗು ಕಟ್ಟಿಕೊಂಡು ಬಕೆಟ್ ಹೊತ್ತಳು. ನಾನು ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಟ್ಟೆ. ಒಂದು ಕಲ್ಲಿನ ಹಿಂದಿನಿಂದ ಹೆಬ್ಬೆರಳು ಗಾತ್ರದ ಏಡಿ ಹೊರಬಂತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

"ನೋಡಿ, ನಿಮ್ಮ ಮನೇಲಿ ಯಾರ್ಯಾರಿದಾರೆ ಅಂತ ನಿಮಗೇ ಗೊತ್ತಿಲ್ಲ," ಅಂದಳು.

ಮಾರ್ಚ್ 17, ಭಾನುವಾರ

ಎರಡಡಿ ತೊಟ್ಟಿ ತಿಳಿಯಾಗಿದೆ. ಐದು ಕಲ್ಲು, ಏಳು ಹವಳ, ಕೆಂಪು-ಬಿಳಿ ಪಟ್ಟೆಯ ಒಂದು ಜೋಡಿ ಮೀನು. ಮೊದಲ ವಾರ ಹೆಣ್ಣು ಮೀನು ಮೂಲೆ ಬಿಟ್ಟು ಬರಲಿಲ್ಲ. ಇವತ್ತು ಬಂದು ನನ್ನ ಬೆರಳು ಕಚ್ಚಿತು. ಒಗ್ಗಿದ ಲಕ್ಷಣ.

ಒಂದು ವಿಷಯ ಕಲಿತೆ. ದೊಡ್ಡ ತೊಟ್ಟಿ ತಪ್ಪನ್ನು ನೀರಿನಲ್ಲಿ ಕರಗಿಸಿ ಮುಚ್ಚಿಬಿಡುತ್ತದೆ. ಸಣ್ಣದರಲ್ಲಿ ಸಂಜೆಯೊಳಗೆ ಎಲ್ಲವೂ ಕಾಣುತ್ತದೆ. ಗುಂಪಿನಲ್ಲಿ ಇದನ್ನು ಬರೆದು ಹಾಕಿದೆ. ಹನ್ನೊಂದು ಜನ ಮೆಚ್ಚಿದರು.

ಮಾರ್ಚ್ 29, ಶುಕ್ರವಾರ

ಫಿಸಿಯೋ ಫೋನ್ ಮಾಡಿದ್ದಳು. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಬಸವನಹುಳುಗಳು ಬಿದ್ದುಬಿದ್ದು ಅಂಗಾತವಾಗುತ್ತಿವೆಯಂತೆ. ಎಂಟರಲ್ಲಿ ಐದು ಹೋದವು.

"ಹೊಸ ಕಲ್ಲು ಹಾಕಿದ್ಮೇಲೆ ಸ್ವಲ್ಪ ಏರುಪೇರು ಆಗೋದೇ. ನೀರು ಬದಲಾಯಿಸಿ," ಅಂದೆ.

ಸರಿಯಾದ ಸಲಹೆಯೇ. ಯಾರು ಕೇಳಿದರೂ ಅದನ್ನೇ ಹೇಳುತ್ತಿದ್ದೆ.

ಏಪ್ರಿಲ್ 2, ಮಂಗಳವಾರ

ಅವಳ ಮನೆಗೆ ಹೋಗಿದ್ದೆ. ಕರೆದಳು, ಹೋಗದಿದ್ದರೆ ಚೆನ್ನಾಗಿರುವುದಿಲ್ಲ.

ಸೀಗಡಿ ಒಂದೂ ಉಳಿದಿಲ್ಲ. ಹವಳಗಳು ಮುಷ್ಟಿ ಬಿಗಿದುಕೊಂಡಿವೆ. ಕೆಲವು ಅಂಚಿನಿಂದ ಬೆಳ್ಳಗಾಗಿ ಅಸ್ಥಿ ಕಾಣುತ್ತಿದೆ. ಮೀನುಗಳು ಮಾತ್ರ ಏನೂ ಆಗದವರ ಹಾಗೆ ಓಡಾಡುತ್ತಿವೆ. ಮೀನಿಗೆ ಏನೂ ಆಗದೆ ಉಳಿದದ್ದೆಲ್ಲ ಸಾಯುವುದು ಯಾವುದರಿಂದ ಎಂದು ಈ ಕಸುಬಿನ ಯಾರಿಗಾದರೂ ಗೊತ್ತು. ಅವಳಿಗೂ ಗೊತ್ತಿತ್ತು, ಪಾಪ, ಓದಿಕೊಂಡಿದ್ದಳು.

"ಗುರುಗಳೇ, ತಾಮ್ರ ಇರಬಹುದಾ? ಪರೀಕ್ಷೆ ಕಿಟ್ ತರಿಸ್ಲಾ?"

"ತಾಮ್ರ ಎಲ್ಲಿಂದ ಬರುತ್ತೆ? ಸುಮ್ನೆ ದಂಡ," ಅಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನೂ ಏನಾದರೂ ಹೇಳಬೇಕೆನಿಸಿತು. "ನೀರಿಗೆ ಯಾರ್ಯಾರು ಕೈ ಹಾಕ್ತೀರಿ?"

"ನಾನು ಹಾಕ್ತೀನಿ, ಬೆಳಿಗ್ಗೆ," ಅಂದರು ಕಾಂಪೌಂಡರ್. ಕೈಯಲ್ಲಿ ಅಳತೆಯ ಗಾಜಿನ ಲೋಟ ಇತ್ತು. ಅವರ ಬೆರಳ ಗಿಣ್ಣುಗಳು ಬಾತಿದ್ದವು. ಅದನ್ನು ನಾನು ಆಗ ನೋಡಿದೆ.

"ಕೈಗೆ ಏನಾದ್ರೂ ಹಚ್ಕೋತೀರಾ? ನೋವಿನ ಮುಲಾಮು?"

"ಮಲಗೋವಾಗ ಹಚ್ಕೋತೀನಿ. ಬೆಳಿಗ್ಗೆ ಸೋಪು ಹಾಕಿ ತೊಳ್ಕೊಂಡೇ..."

"ದಿನಾ ನೆನಪಿರುತ್ತಾ?"

ಅವರು ಲೋಟವನ್ನು ಮೇಜಿನ ಮೇಲಿಟ್ಟು ತಮ್ಮ ಬೆರಳುಗಳನ್ನು ನೋಡಿಕೊಂಡರು. ಸೊಸೆ ಅವರನ್ನು ನೋಡಿದಳು. ಇಬ್ಬರೂ ನನ್ನನ್ನು ನೋಡುವುದು ನಿಲ್ಲಿಸಿದರು.

ಮುಲಾಮು ನೀರಿಗೆ ಬಿದ್ದರೆ ಕೆಡುಕು, ಅದು ಸುಳ್ಳಲ್ಲ. ನಾನು ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಒಂದು ಪ್ರಶ್ನೆ ಕೇಳಿದೆ, ಅಷ್ಟೇ.

ಏಪ್ರಿಲ್ 3, ಬುಧವಾರ

ಉಪ್ಪಿನಂಶ 35. ಉಷ್ಣತೆ 25.5.

ಏಪ್ರಿಲ್ 12, ಶುಕ್ರವಾರ

ಬೆನ್ನಿನ ದಿನ. ಫಿಸಿಯೋಳ ಮೇಜಿನಲ್ಲಿ ಮುಖ ತೂರಿಸಲು ಒಂದು ತೂತಿರುತ್ತದೆ. ಬೋರಲಾಗಿ ಮಲಗಿದರೆ ನೆಲ ಮತ್ತು ಅವಳ ಬೂಟು ಬಿಟ್ಟು ಬೇರೇನೂ ಕಾಣುವುದಿಲ್ಲ. ಇವತ್ತು ಆ ತೂತು ಇದ್ದದ್ದು ನನ್ನ ಪುಣ್ಯ.

"ಮಾವ ಒಪ್ಕೊಂಡ್ರು ಗುರುಗಳೇ," ಅಂದಳು, ಸೊಂಟದ ಮೇಲೆ ಮೊಣಕೈ ಊರಿ.

"ಏನನ್ನ?"

"ಮುಲಾಮಿನ ಕೈ ಹಾಕಿರ್ಬೇಕು ಅಂತ. ಮೊದಲು ಇಲ್ಲ, ಇಲ್ಲ ಅಂತ ಜಗಳಾನೇ ಆಡಿದ್ರು. ನಾಲ್ಕು ದಿನ ಮಾತಿಲ್ಲ. ಆಮೇಲೆ ಅವರೇ ಬಂದು, 'ಹಾಕಿರಬಹುದಮ್ಮ, ನಂಗೆ ಗೊತ್ತಾಗ್ತಿಲ್ಲ' ಅಂದ್ರು. ಅಳೋದೊಂದು ಬಾಕಿ." ಮೊಣಕೈಯನ್ನು ಇನ್ನೊಂದು ಬದಿಗೆ ಸರಿಸಿದಳು. "ಈಗ ಅವರ ಮಾತ್ರೆ ಡಬ್ಬಿ ನನ್ನ ಹತ್ರಾನೇ ಇಟ್ಕೊಂಡಿದೀನಿ. ಒಲೆ ಹಚ್ಚಬೇಡಿ ಅಂದಿದೀನಿ. ನರದ ಡಾಕ್ಟರಿಗೆ ತೋರಿಸ್ಬೇಕು. ನೀವು ಅವತ್ತು ಕೇಳ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ?"

ನಾನು ತೂತಿನೊಳಗಿಂದ "ಹ್ಞೂಂ" ಅಂದೆ.

ಅವಳ ಕೈಯಲ್ಲಿ ಗುಣವಿದೆ. ಬೆನ್ನು ಎಷ್ಟೋ ಹಗುರಾಗಿದೆ. ಮನೆಗೆ ಬಂದು ಊಟ ಬೇಡವೆಂದೆ.

ಏಪ್ರಿಲ್ 20, ಶನಿವಾರ

ಕಾಂಪೌಂಡರನ್ನು ಸೊಸೆ ಇವತ್ತು ಅಂಗಡಿಗೆ ಕರೆತಂದಳು. ಮೊದಲು ಕಣ್ಣು ತೋರಿಸಿ ಬನ್ನಿ ಎಂದಿದ್ದಾರಂತೆ ನರದ ಡಾಕ್ಟರು. ಊರಲ್ಲಿ ಇಷ್ಟು ಕನ್ನಡಕದ ಅಂಗಡಿಗಳಿದ್ದರೂ ಸೊಸೆಗೆ ನಂಬಿಕೆ ಇರುವುದು ನನ್ನ ಮೇಲೆ. ಅವರನ್ನು ಒಳಗೆ ಕೂರಿಸಿ ಅವಳು ಫೋನಿನಲ್ಲಿ ಮಾತಾಡಲು ಹೊರಗೆ ಹೋದಳು.

ದೀಪ ಆರಿಸಿ ಗಾಜು ಬದಲಿಸುತ್ತ, ದಿನಕ್ಕೆ ನೂರು ಸಲ ಕೇಳುವುದನ್ನೇ ಕೇಳಿದೆ. "ಒಂದನೇದು ಚೆನ್ನಾಗಿ ಕಾಣುತ್ತಾ, ಎರಡನೇದಾ?"

"ಎರಡನೇದು ಅನ್ಸುತ್ತೆ," ಅಂದರು. "ಆದ್ರೆ ನನ್ನ ಮಾತು ಹಿಡೀಬೇಡಿ. ನೀವೇ ನೋಡಿ ಯಾವುದು ಸರಿ ಅಂತ ಹೇಳಿ."

ಈ ಕೆಲಸಕ್ಕೆ ಬಂದು ಇಪ್ಪತ್ತೆಂಟು ವರ್ಷ. ತನ್ನ ಕಣ್ಣಿಗೆ ಏನು ಕಾಣುತ್ತಿದೆ ಎಂದು ಬೇರೆಯವರನ್ನು ಕೇಳಿದ ಮನುಷ್ಯನನ್ನು ನಾನು ನೋಡಿರಲಿಲ್ಲ. ಹಲಗೆಯ ಕೊನೆಯ ಸಾಲು ಓದಿಸಿದೆ. ಒಂದಕ್ಷರ ತಪ್ಪಲಿಲ್ಲ. ಓದಿದ ಪ್ರತಿ ಅಕ್ಷರಕ್ಕೂ ನನ್ನ ಕಡೆ ತಿರುಗಿ "ಸರೀನಾ?" ಎನ್ನುತ್ತಿದ್ದರು.

ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಒಂದ್ ಮಾತು ಕೇಳ್ಲಾ? ಮನುಷ್ಯ ತಾನು ಮಾಡಿದ್ದನ್ನ ಪೂರ್ತಿ ಮರೀಬಹುದು, ಅದು ನಂಗೆ ಗೊತ್ತು, ಆಸ್ಪತ್ರೇಲಿ ನೋಡಿದೀನಿ. ಆದ್ರೆ ಮಾಡ್ದೇ ಇರೋದು ನೆನಪಿಗೆ ಬರುತ್ತಾ? ಕೈ ತೊಳೆದಿದ್ದು ನಂಗೆ ನೆನಪಿದೆ. ಸೋಪು ಜಾರಿ ಬಿದ್ದಿದ್ದೂ ನೆನಪಿದೆ. ತೊಳೆದೇ ಇಲ್ಲ ಅನ್ನೋದಾದ್ರೆ ಇದೆಲ್ಲ ಎಲ್ಲಿಂದ ಬಂತು?"

ಕತ್ತಲ ಕೋಣೆ, ನಾವಿಬ್ಬರೇ. ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ನಾನು ದೀಪ ಹಾಕಿ, "ಕಣ್ಣು ಚೆನ್ನಾಗಿದೆ ಯಜಮಾನರೇ, ಇದೇ ಕನ್ನಡಕ ಸಾಕು," ಅಂದೆ.

ಥೂ ನನ್ನ ಜನ್ಮಕ್ಕೆ.

ಇಲ್ಲಾದರೂ ಬರೆಯುತ್ತೇನೆ. ಏಳು ವರ್ಷದ ಹಿಂದಿನ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಮೂರು ವಾರ ಖಾಲಿ ಇದೆ. ಆಗ ಹಳದಿ ಮೀನಿಗೆ ಬಿಳಿ ಚುಕ್ಕೆ ರೋಗ ಬಂದಿತ್ತು. ರೋಗದ ಮೀನನ್ನು ಬೇರೆ ಪಾತ್ರೆಗೆ ಹಾಕಿ ಔಷಧಿ ಕೊಡಬೇಕೆಂಬುದು ಈ ಕಸುಬಿನ ಅ ಆ ಇ ಈ. ನಾನು ಗಾಬರಿಯಲ್ಲಿ ಇಡೀ ತೊಟ್ಟಿಗೇ ತಾಮ್ರದ ಔಷಧಿ ಸುರಿದೆ. ಮೀನು ಬದುಕಿತು. ಬೆನ್ನುಮೂಳೆ ಇಲ್ಲದ್ದೆಲ್ಲ ಸತ್ತಿತು. ತಾಮ್ರಕ್ಕೆ ಅಂಥವೇ ಆಹಾರ, ನಾನೊಬ್ಬ ಹೇಗೆ ಉಳಿದೆನೋ. ಕರೆಂಟು ಹೋಗಿ ಸತ್ತವು ಎಂದು ಗುಂಪಿಗೆ ಹೇಳಿದೆ. ನೀರೆಲ್ಲ ಚೆಲ್ಲಿ ಹೊಸ ಕಲ್ಲು ತಂದೆ. ತಾಮ್ರ ಕುಡಿದ ಕಲ್ಲುಗಳನ್ನು ಎಸೆಯಲು ಮನಸ್ಸು ಬರಲಿಲ್ಲ, ಡ್ರಮ್ಮಿನ ತಳಕ್ಕೆ ಹಾಕಿದೆ. ಅಂಥ ಕಲ್ಲು ವರ್ಷಗಟ್ಟಲೆ ಸುಮ್ಮನಿದ್ದು, ನೀರಿಗೆ ಬಿದ್ದ ಮೇಲೆ ತಾಮ್ರವನ್ನು ನಿಧಾನ ಬಿಡುತ್ತದೆ. ಇಷ್ಟು ವರ್ಷ ಕಳೆದಿದೆ, ಹೋಗಿರುತ್ತದೆ ಬಿಡು ಅಂದುಕೊಂಡೆ.

ಹೋಗಿರುತ್ತದೆ ಅಂದುಕೊಂಡವನು ನನ್ನ ತೊಟ್ಟಿಗೆ ಯಾಕೆ ಅವನ್ನು ಹಾಕಿಕೊಳ್ಳಲಿಲ್ಲ?

ಏಪ್ರಿಲ್ 21, ಭಾನುವಾರ

ಹೆಂಡತಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು.

"ಆ ಔಷಧಿ ಬಾಟ್ಲಿ ತಂದುಕೊಟ್ಟಿದ್ದು ನಾನೇ ಅಲ್ವಾ. ನೀವು ಎಲ್ಲರ ಹತ್ರ 'ಒಂದು ಹನಿ ಬಿದ್ದಿಲ್ಲ' ಅಂದಾಗೆಲ್ಲ ನಾನು ಅಡುಗೆಮನೆಗೆ ಎದ್ದುಹೋಗ್ತಿದ್ದೆ, ನೀವು ನೋಡಿಲ್ಲ ಅಷ್ಟೇ."

ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ.

"ಕಲ್ಲು ಕೊಟ್ಟಿದ್ದು ತಪ್ಪು ಕಣ್ರೀ. ತಪ್ಪು ಯಾರು ಮಾಡಲ್ಲ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲ, ಅದು ಪಾಪ. ಆ ಮುದುಕರು ಈಗ ತಮ್ಮ ತಲೆ ಕೆಟ್ಟಿದೆ ಅಂತ ನಂಬಿಕೊಂಡು ಕೂತಿದಾರೆ. ಹೋಗಿ ಹೇಳಿ ಬನ್ನಿ."

"ಹೇಳ್ತೀನಿ."

"ಯಾವಾಗ?"

"ಭಾನುವಾರ."

"ಇವತ್ತು ಭಾನುವಾರಾನೇ."

"ಮುಂದಿನ ಭಾನುವಾರ," ಅಂದೆ. ಅವಳು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಏಪ್ರಿಲ್ 28, ಭಾನುವಾರ

ಹೋದೆ. ಬರಿಗೈಯಲ್ಲಿ ಹೋಗುವುದು ಹೇಗೆಂದು ನನ್ನ ತೊಟ್ಟಿಯ ಅತಿ ಚೆಂದದ ಮೂರು ಹವಳ ಬಿಡಿಸಿಕೊಂಡು ಹೋದೆ. ಒಂದು ನೇರಳೆ, ಎರಡು ಹಸಿರು. ಮನೆ ಮುಂದೆ ಹೋಗುವವರೆಗೂ ಮಾತು ಬಾಯಿಯಲ್ಲೇ ಇತ್ತು. "ಗುರುಗಳೇ! ಇಷ್ಟೊಂದು ಯಾಕೆ ತರೋಕೆ ಹೋದ್ರಿ!" ಎಂದು ಅವಳು ಬಾಗಿಲು ತೆರೆದಳು. ಮಾತು ಬಂದ ದಾರಿಯಲ್ಲೇ ವಾಪಸು ಹೋಯಿತು.

ತಾಮ್ರದ ನೀರಿಗೆ ಆ ಮೂರನ್ನೂ ನಾನೇ ಇಳಿಸಿದೆ. ನನ್ನ ಕೈಯಾರೆ. ವಾರ ಬದುಕಿದರೆ ಹೆಚ್ಚು.

ಕಾಂಪೌಂಡರ್ ಗೋಡೆಗೆ ಒರಗಿ ದೂರ ನಿಂತಿದ್ದರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಅಳತೆಯ ಲೋಟದಿಂದ ದ್ರಾವಣ ಹಾಕುತ್ತಿದ್ದವಳು ಸೊಸೆ. ಅವಳು ಹೆಚ್ಚು ಸುರಿದಳು. ಅವರಿಗೆ ಗೊತ್ತಾಯಿತು, ಒಂದು ಹೆಜ್ಜೆ ಮುಂದೆ ಬಂದವರು ಮತ್ತೆ ಗೋಡೆಗೆ ಒರಗಿದರು.

ಹೆಂಡತಿ ತೊಟ್ಟಿಯಲ್ಲಿ ಮೂರು ಜಾಗ ಖಾಲಿ ಇರುವುದನ್ನು ನೋಡಿ ನನಗೆ ಊಟ ಬಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೇ 5, ಭಾನುವಾರ

ಹೇಳಿದೆ.

ಹೇಗೆ ಹೇಳಿದೆನೋ. ಹೊಸಿಲು ದಾಟುವ ಮೊದಲೇ ಶುರುಮಾಡಿದೆ, ಒಳಗೆ ಹೋದರೆ ಕಾಫಿ ಬರುತ್ತದೆ, ಕಾಫಿ ಬಂದರೆ ಆಗುವುದಿಲ್ಲವೆಂದು. ಕಲ್ಲಿನ ವಿಷಯ ಹೇಳಿದೆ, ಏಳು ವರ್ಷದ ಹಿಂದಿನ ಔಷಧಿ ಹೇಳಿದೆ. ಗೊತ್ತಿದ್ದೂ ತಳದ ಕಲ್ಲು ಕೊಟ್ಟೆ, ಗೊತ್ತಿದ್ದೂ ತಾಮ್ರ ಅಲ್ಲ ಅಂದೆ, ಯಜಮಾನರ ಬೆರಳು ನೋಡಿ ಮುಲಾಮಿನ ಮಾತು ಎತ್ತಿದೆ, ಅವರ ಕೈಯಿಂದ ಏನೂ ಆಗಿಲ್ಲ ಎಂದು ಆ ಕ್ಷಣವೂ ಗೊತ್ತಿತ್ತು. ಎಲ್ಲ ಹೇಳಿದೆ. ಕೊನೆಗೆ ಹೋದ ವಾರದ ಮೂರು ಹವಳಗಳನ್ನೂ ಹೇಳಿದೆ.

ಫಿಸಿಯೋ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಇದ್ದಳು. "ನನ್ನ ಮೇಜಿನ ಮೇಲೆ ಮಲಗಿ ಕೇಳಿಸ್ಕೊಂಡ್ರಲ್ಲ," ಅಂದಳು. "ನಾನು ಅವರ ಮಾತ್ರೆ ಡಬ್ಬಿ ಕಿತ್ಕೊಂಡೆ ಅಂತ ಹೇಳ್ದಾಗ ಹ್ಞೂಂ ಅಂದ್ರಲ್ಲ, ಸರ್."

ಗುರುಗಳೇ ಅನ್ನಲಿಲ್ಲ.

ಕಾಂಪೌಂಡರ್ ಹಿಂದೆಯೇ ನಿಂತು ಕೇಳಿದ್ದರು. ಬೈಯುತ್ತಾರೆ ಅಂದುಕೊಂಡೆ, ಅಥವಾ ದೊಡ್ಡ ಮನಸ್ಸು ಮಾಡಿ ಹೋಗಲಿ ಬಿಡಿ ಎನ್ನುತ್ತಾರೆ ಎಂದು. ಎರಡೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ನಲವತ್ತು ವರ್ಷ ಒಬ್ಬರ ಔಷಧಿ ಇನ್ನೊಬ್ಬರಿಗೆ ಕೊಟ್ಟವನಲ್ಲ ನಾನು. ಒಂದು ತಿಂಗಳಿಂದ ನನ್ನ ಕೈನ ನಾನೇ ನಂಬಿಲ್ಲ ಕಣಪ್ಪ. ನೀರು ಕುಡಿಯೋಕೂ ಲೋಟ ಮೂಸಿ ನೋಡ್ತಿದ್ದೆ."

"ತಪ್ಪಾಯ್ತು ಯಜಮಾನರೇ."

"ಮುಂದಿನ ಭಾನುವಾರ ಬಾ. ಬಂದು ಇನ್ನೊಂದು ಸಲ ಹೇಳು."

"ಏನನ್ನ?"

"ಇದನ್ನೇ. ನಾನು ಮರೆತುಬಿಟ್ಟಿರಬಹುದು."

ಅವರ ಮುಖದಲ್ಲಿ ನಗುವೇನೂ ಇರಲಿಲ್ಲ.

ಮೇ 7, ಮಂಗಳವಾರ

ಗುಂಪಿಗೂ ಬರೆದೆ. "ಒಂದು ಹನಿಯೂ ಬಿದ್ದಿಲ್ಲ" ಎಂದದ್ದು ಸುಳ್ಳು, ಮೂರು ವಾರ ಸುರಿದಿದ್ದೇನೆ ಎಂದು. ಹದಿನೈದು ಜನರೂ ಓದಿದ್ದಾರೆಂದು ಫೋನ್ ತೋರಿಸುತ್ತದೆ. ಬಸ್ ಡ್ರೈವರ್ ಒಬ್ಬನೇ, "ಹಳದಿ ಮೀನು ಚೆನ್ನಾಗಿದೆ ಸರ್," ಎಂದು ಬರೆದ. ಉಳಿದವರು ಏನೂ ಬರೆದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಮೇ 12, ಭಾನುವಾರ

ಅವಳ ತೊಟ್ಟಿ ಖಾಲಿ ಮಾಡಿದೆವು. ತಾಮ್ರದ ಕಲ್ಲುಗಳನ್ನು ಸುತ್ತಿಗೆಯಲ್ಲಿ ಪುಡಿಮಾಡಿ ಕಸಕ್ಕೆ ಹಾಕಿಸಿದೆ, ಮತ್ತೆ ಯಾರ ಕೈಗೂ ಹೋಗಬಾರದೆಂದು. ಗಾಜು ತೊಳೆದು, ಹೊಸ ಉಪ್ಪುನೀರು ಕಲಸಿ, ನನ್ನ ಐದು ಕಲ್ಲಿನಲ್ಲಿ ಮೂರನ್ನು ಕೊಟ್ಟೆ. ಬಕೆಟ್ ಎತ್ತಿದ್ದು ಫಿಸಿಯೋ ಮತ್ತು ನನ್ನ ಹೆಂಡತಿ. ಇಬ್ಬರೂ ತಮ್ಮತಮ್ಮಲ್ಲೇ ಮಾತಾಡಿಕೊಂಡರು, ನನ್ನೊಂದಿಗೆ "ಆಚೆ ಸರೀರಿ" ಎಂಬಷ್ಟು ಮಾತ್ರ.

ಕಾಂಪೌಂಡರ್ ಹನ್ನೊಂದಕ್ಕೆ ಕುರ್ಚಿ ಹಾಕಿಕೊಂಡು ಎದುರು ಕೂತರು. "ಏನೋ ಹೇಳೋದಿದೆ ಅಂದಿದ್ದೆಯಲ್ಲ. ಹೇಳು." ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು. ಕೇಳಿ ತಲೆಯಾಡಿಸಿ, "ಹೌದಾ? ಮುಂದಿನ ವಾರ ಬಾ," ಅಂದರು.

ಮೇ 19, ಭಾನುವಾರ

ಮೂರನೇ ಸಲ. ಕಾಂಪೌಂಡರ್ ಬಾಗಿಲು ತೆಗೆದು, "ಯಾರು? ಏನ್ ವಿಷಯ?" ಅಂದರು.

ಹೊರಡುವಾಗ ಫಿಸಿಯೋ ಗೇಟಿನವರೆಗೆ ಬಂದಳು. ನಾನು ಒಪ್ಪಿಕೊಂಡ ದಿನದ ಮೇಲೆ ಅವಳಾಗಿ ಮಾತಾಡಿದ್ದು ಇದೇ ಮೊದಲು.

"ನೋಡಿ, ನೀವು ಸುಳ್ಳು ಹೇಳಿದ್ದು ನಿಜ. ಆದ್ರೆ ಮಾವನಿಗೆ ಏನೋ ಆಗಿರೋದೂ ನಿಜಾನೇ ಇರಬೇಕು. ಇಷ್ಟು ದೊಡ್ಡ ವಿಷಯ ವಾರ ವಾರ ಮರೀತಾರೆ ಅಂದ್ರೆ? ಮಾತ್ರೆ ಡಬ್ಬಿ ವಾಪಸು ಕೊಡೋಣ ಅಂತಿದ್ದೆ. ಧೈರ್ಯ ಬರ್ತಿಲ್ಲ."

ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಅವರು ನಿಜವಾಗಿ ಮರೆಯುತ್ತಿದ್ದಾರೆಯೇ? ಹಾಗಿದ್ದರೆ ಆ ಒಂದು ತಿಂಗಳಲ್ಲಿ ಒಳಗೆ ಏನೋ ಮುರಿದುಹೋಗಿದೆ, ಮುರಿದವನು ನಾನು. ಹೇಳಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ನಾನು ಹೇಳುವುದೇ ಈಗ ಅವರಿಗೆ ಮುಳುವಾಗುತ್ತಿದೆ.

ಹೆಂಡತಿಗೆ ಹೇಳಿದೆ. "ಕರೆದಷ್ಟು ಸಲ ಹೋಗಿ," ಅಂದಳು. "ಸಾಯೋವರೆಗೂ ಕರೆದ್ರೆ ಸಾಯೋವರೆಗೂ ಹೋಗಿ."

ಮೇ 26, ಭಾನುವಾರ

ಹೋದೆ. ಅವಳ ತೊಟ್ಟಿಯ ಹೊಸ ನೀರು ತಿಳಿಯಾಗಿದೆ. ಬಸ್ ಡ್ರೈವರ್ ಕಳಿಸಿಕೊಟ್ಟ ನಾಲ್ಕು ಬಸವನಹುಳು ಗಾಜಿನ ಮೇಲೆ ಹರಿದಾಡುತ್ತಿದ್ದವು. ಎರಡು ದಿನವಾಯಿತಂತೆ, ಒಂದೂ ಬಿದ್ದಿಲ್ಲ. ಫಿಸಿಯೋ ಅಡುಗೆಮನೆಯ ಬಾಗಿಲಲ್ಲಿ ತರಕಾರಿ ಹೆಚ್ಚುತ್ತ ಕೂತಿದ್ದಳು.

"ಏನ್ ವಿಷಯ?" ಅಂದರು ಕಾಂಪೌಂಡರ್.

ನಾಲ್ಕನೇ ಸಲಕ್ಕೆ ನಾಲಿಗೆಗೆ ದಾರಿ ಗೊತ್ತಾಗಿಬಿಟ್ಟಿತ್ತು. ಬಿಳಿ ಚುಕ್ಕೆ ರೋಗ, ತಾಮ್ರ, ಡ್ರಮ್ಮು, ತಳದ ಕಲ್ಲು, ಬಸವನಹುಳು, ಸೀಗಡಿ, "ತಾಮ್ರ ಎಲ್ಲಿಂದ ಬರುತ್ತೆ ಅಂತ ಸುಳ್ಳು ಹೇಳ್ದೆ, ನಿಮ್ಮ ತಪ್ಪೇನೂ ಇಲ್ಲ, ನನ್ನದೇ ತಪ್ಪು ಯಜಮಾನರೇ." ಎಲ್ಲಿಯೂ ತಡವರಿಸಲಿಲ್ಲ. ಹೇಳಿ ಮುಗಿಸಿ, ಹೇಳಬಾರದು, ಸ್ವಲ್ಪ ಸಮಾಧಾನವೂ ಆಯಿತು.

ಅವರು ಎದ್ದೇಳಲಿಲ್ಲ. ಮುಂದಿನ ವಾರ ಬಾ ಎಂದೂ ಹೇಳಲಿಲ್ಲ.

"ಒಂದು ಬಿಟ್ಟೆ ನೀನು," ಅಂದರು.

"ಏನು?"

"ಅವತ್ತು ಮಂಗಳವಾರ. ನನ್ನ ಕೈಯಲ್ಲಿ ಲೋಟ ಇತ್ತು. ನೀನು ಮೊದಲು ನನ್ನ ಬೆರಳು ನೋಡಿದೆ, ಆಮೇಲೆ ಮುಲಾಮು ಅಂದೆ. ಸೋಪು ಹಾಕಿ ತೊಳ್ಕೋತೀನಿ ಅಂತ ನಾನು ಹೇಳೋಕೆ ಹೋದ್ರೆ, ಪೂರ್ತಿ ಹೇಳೋಕೆ ಬಿಡದೆ, 'ದಿನಾ ನೆನಪಿರುತ್ತಾ' ಅಂತ ಕೇಳ್ದೆ. ಮೂರು ವಾರ ನೀನು ಅದನ್ನ ಹೇಳಿದ್ದೆ. ಇವತ್ತು ಬಿಟ್ಟೆ."

ಬೇಕೆಂದೇ ಬಿಟ್ಟೆನೋ, ತಾನಾಗಿ ಬಿಟ್ಟುಹೋಯಿತೋ, ನನಗೆ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ.

ಅಡುಗೆಮನೆಯಲ್ಲಿ ಹೆಚ್ಚುವ ಸದ್ದು ನಿಂತಿತು. ಫಿಸಿಯೋ ಎದ್ದು ಬಂದು, ಕೈ ಒರೆಸಿಕೊಳ್ಳದೆ, ಮಾವನ ಪಕ್ಕದ ಕುರ್ಚಿಯಲ್ಲಿ ಕೂತಳು. ಅವರು ಅವಳ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಮೊದಲಿಂದ ಹೇಳು," ಅಂದರು.

ಮೊದಲಿಂದ ಹೇಳಿದೆ.